ಕೊರಿಯಾಕ್ಕೆ ಮರಳುವ ಕೊರಿಯನ್ನರು: ಅನ್ಸಾನ್‌ಗೆ ಹೊರಡಲಿರುವ ಕುಟುಂಬವೊಂದರ ಪ್ರಶ್ನೆಗೆ ಉತ್ತರ

ಪ್ರಶ್ನೆ: "ನಾನು ದಾವಣಗೆರೆಯವನು. ಔಷಧ ಕಂಪನಿಯೊಂದರ ಕೆಲಸಕ್ಕೆಂದು ತಾಷ್ಕೆಂಟಿಗೆ ಬಂದು ಇಲ್ಲಿಯೇ ಮದುವೆಯಾಗಿ ನೆಲೆಸಿದ್ದೇನೆ. ನನ್ನ ಹೆಂಡತಿ ಉಜ್ಬೇಕಿಸ್ತಾನದಲ್ಲಿಯೇ ಹುಟ್ಟಿದ ಕೊರಿಯನ್ ಮೂಲದವಳು. ಲೆಕ್ಕಶಾಸ್ತ್ರದಲ್ಲಿ ಪದವಿ ಪಡೆದಿದ್ದಾಳೆ, ಮನೆಮಾತು ರಷ್ಯನ್, ಕೊರಿಯನ್ ಭಾಷೆಯಲ್ಲಿ ತಿನಿಸುಗಳ ಹೆಸರುಗಳ ಹೊರತು ಹೆಚ್ಚೇನೂ ಗೊತ್ತಿಲ್ಲ. ಅವಳ ಅಣ್ಣ ಕೆಲವು ವರ್ಷಗಳಿಂದ ದಕ್ಷಿಣ ಕೊರಿಯಾದ ಅನ್ಸಾನ್ ನಗರದಲ್ಲಿ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದಾರೆ. 'ಇಡೀ ಬೀದಿಯಲ್ಲಿ ನಮ್ಮವರೇ ಇದ್ದಾರೆ, ನೀವೂ ಬನ್ನಿ' ಎಂದು ಕರೆಯುತ್ತಾರೆ. ನನಗೆ ದಿಗಿಲಾಗಿರುವುದು ಆ ಮಾತಿನಿಂದಲೇ. ಪೂರ್ವಜರ ನಾಡಿಗೆ ಮರಳಿದವರು ಅಲ್ಲಿಯವರೊಂದಿಗೆ ಬೆರೆಯದೆ ತಮ್ಮದೇ ಬೀದಿ ಮಾಡಿಕೊಂಡಿದ್ದಾರೆಂದರೆ, ಅಲ್ಲಿಯವರು ಇವರನ್ನು ಒಪ್ಪಿಕೊಂಡಿಲ್ಲವೆಂದೇ ಅರ್ಥವಲ್ಲವೇ? ಅಂಥ ಬೀದಿಗಳಲ್ಲಿ ಅಪರಾಧ ಹೆಚ್ಚು ಎಂದೂ ಕೇಳಿದ್ದೇನೆ. ಒಂಬತ್ತು ವರ್ಷದ ಮಗಳು ರಷ್ಯನ್ ಮತ್ತು ಕನ್ನಡ ಮಾತನಾಡುತ್ತಾಳೆ. ಅವಳ ಓದು ಏನಾದೀತು? ಅರವತ್ತೆಂಟು ವರ್ಷದ ಅತ್ತೆಯವರೂ ಜೊತೆಗೆ ಬರುತ್ತಾರಂತೆ. ನಾವು ಹೋಗಬಹುದೇ?"

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಒಂದರೊಳಗೊಂದು ಹೆಣೆದುಕೊಂಡಿವೆ. ಮರಳಿ ಬಂದವರು ಪ್ರತ್ಯೇಕ ಬೀದಿಗಳಲ್ಲಿ ನೆಲೆಸಿರುವುದು ತಿರಸ್ಕಾರದ ಗುರುತೇ ಎಂಬುದು ಮೊದಲನೆಯದು. ನಿಮ್ಮ ಕುಟುಂಬ ಅಂಥ ಬೀದಿಗೆ ಹೋಗಬೇಕೇ ಎಂಬುದು ಎರಡನೆಯದು. ಮೊದಲನೆಯದರ ಬಗ್ಗೆ ತಪ್ಪು ತಿಳಿವಳಿಕೆಯಿದ್ದರೆ ಎರಡನೆಯದರ ನಿರ್ಧಾರವೂ ದಾರಿ ತಪ್ಪುತ್ತದೆ. ಆದ್ದರಿಂದ ಅದನ್ನು ಕೊಂಚ ವಿಸ್ತಾರವಾಗಿಯೇ ವಿವರಿಸುತ್ತೇನೆ. ವಲಸೆ ಕುಟುಂಬಗಳ ಕಾಗದಪತ್ರ ಮತ್ತು ಜಗಳ ಎರಡನ್ನೂ ಬಹುಕಾಲ ನೋಡಿದ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಕೊರಿಯಾದಲ್ಲಿ ತಿರಸ್ಕಾರ ಇದ್ದೇ ಇದೆ, ಆದರೆ ಆ ಬೀದಿಗಳನ್ನು ಕಟ್ಟಿದ್ದು ತಿರಸ್ಕಾರವಲ್ಲ. ವೀಸಾದ ಬಗೆ, ಸಣ್ಣ ಕೋಣೆಯ ಬಾಡಿಗೆ ಮತ್ತು ಕಾರ್ಖಾನೆಗಿರುವ ದೂರ, ಈ ಮೂರು ಸೇರಿ ಅವುಗಳನ್ನು ಕಟ್ಟಿವೆ.

ಮೊದಲಿಗೆ "ಪೂರ್ವಜರ ನಾಡು" ಎಂಬ ಮಾತನ್ನೇ ಸ್ವಲ್ಪ ಪರೀಕ್ಷಿಸಬೇಕು. ನಿಮ್ಮ ಹೆಂಡತಿಯವರ ಸಮುದಾಯ ತನ್ನನ್ನು ಕೊರ್ಯೊ-ಸರಾಮ್ ಎಂದು ಕರೆದುಕೊಳ್ಳುತ್ತದೆ. ದಕ್ಷಿಣ ಕೊರಿಯಾದಲ್ಲಿ ಅವರನ್ನು ಗೊರ್ಯೊಇನ್ ಎನ್ನುತ್ತಾರೆ. 1860ರ ದಶಕದಿಂದ ಬರ ಮತ್ತು ಹಸಿವಿಗೆ ಅಂಜಿ ಗಡಿ ದಾಟಿ ರಷ್ಯಾದ ದೂರಪೂರ್ವಕ್ಕೆ ಹೋದ ರೈತರ ಸಂತತಿ ಇವರು. ಹೀಗೆ ಹೋದವರಲ್ಲಿ ಬಹುಪಾಲು ಜನ ಗಡಿಗೆ ಹೊಂದಿಕೊಂಡಿರುವ ಹಮ್‌ಗ್ಯೊಂಗ್ ಪ್ರಾಂತ್ಯದವರು, ಮತ್ತು ಆ ಪ್ರಾಂತ್ಯ ಈಗ ಉತ್ತರ ಕೊರಿಯಾದಲ್ಲಿದೆ. 1937ರಲ್ಲಿ ಸ್ಟಾಲಿನ್ ಸರ್ಕಾರ ಇವರನ್ನು ಜಪಾನಿನ ಗೂಢಚಾರರಾಗಬಲ್ಲವರೆಂದು ಶಂಕಿಸಿ, ಸುಮಾರು 1,72,000 ಜನರನ್ನು ಸರಕು ಸಾಗಿಸುವ ರೈಲುಗಳಲ್ಲಿ ತುಂಬಿ ಕಜಕಿಸ್ತಾನ ಮತ್ತು ಉಜ್ಬೇಕಿಸ್ತಾನಗಳಿಗೆ ಕಳುಹಿಸಿತು. ತಾಷ್ಕೆಂಟಿನ ಸುತ್ತಲಿನ ಸಾಮೂಹಿಕ ಬೇಸಾಯ ಕ್ಷೇತ್ರಗಳಲ್ಲಿ ಹತ್ತಿ ಮತ್ತು ಭತ್ತ ಬೆಳೆದು ಹೆಸರಾದವರು ಇವರೇ. ಅಂಥದೊಂದು ಕ್ಷೇತ್ರದ ಮುಖ್ಯಸ್ಥ ಕಿಮ್ ಪೆನ್ ಹ್ವಾ ಎರಡು ಬಾರಿ ಸಮಾಜವಾದಿ ಶ್ರಮವೀರ ಪದವಿ ಪಡೆದವರೆಂಬುದು ನಿಮ್ಮ ಅತ್ತೆಯವರಿಗೆ ಖಂಡಿತ ಗೊತ್ತಿರುತ್ತದೆ. 1991ರ ನಂತರ ಉಜ್ಬೆಕ್ ಭಾಷೆ ಆಡಳಿತಕ್ಕೆ ಬಂದು, ಸಾಮೂಹಿಕ ಕ್ಷೇತ್ರಗಳು ಕುಸಿದಾಗ, ರಷ್ಯನ್ ಮಾತ್ರ ಬಲ್ಲ ಈ ಜನರ ಕಾಲಡಿಯ ನೆಲ ಸಡಿಲವಾಯಿತು. ಹಾಗಾಗಿ ಅನ್ಸಾನ್‌ಗೆ "ಮರಳುವ" ನಿಮ್ಮ ಹೆಂಡತಿ, ಬಹುಶಃ ತಮ್ಮ ಪೂರ್ವಜರು ಎಂದೂ ಕಾಲಿಡದ ಊರಿಗೆ ಹೋಗುತ್ತಿದ್ದಾರೆ. ಅಲ್ಲಿ ಅವರಿಗಾಗಿ ಕಾಯುತ್ತಿರುವ ಹಳ್ಳಿಯಿಲ್ಲ, ಪಾಲು ಸಿಗಬೇಕಾದ ಹೊಲವಿಲ್ಲ, ಗುರುತು ಹಿಡಿಯುವ ದಾಯಾದಿಗಳಿಲ್ಲ. ನಮ್ಮ ಸುಳ್ಯದ ರಬ್ಬರ್ ತೋಟಗಳಿಗೆ 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದ ನಂತರ ಶ್ರೀಲಂಕಾದಿಂದ ಬಂದು ನೆಲೆಸಿದ ತಮಿಳು ಕುಟುಂಬಗಳನ್ನು ನೆನೆಸಿಕೊಂಡರೆ ಇದು ನಿಮಗೆ ಸುಲಭವಾಗಿ ಅರ್ಥವಾದೀತು: ಕಾಗದದ ಮೇಲೆ ತಾಯ್ನಾಡಿಗೆ ಮರಳಿಕೆ, ವಾಸ್ತವದಲ್ಲಿ ಅಪರಿಚಿತ ಜಿಲ್ಲೆಯೊಂದರಲ್ಲಿ ಕೂಲಿ ಮತ್ತು ಲೈನ್ ಮನೆ.

ಹೀಗೆ ಮರಳಿದವರೆಲ್ಲ ಒಂದೇ ಗುಂಪಲ್ಲ ಎಂಬುದನ್ನೂ ತಿಳಿದಿರಬೇಕು. ವಿದೇಶಿ ಪೌರತ್ವ ಹೊಂದಿ ದಕ್ಷಿಣ ಕೊರಿಯಾದಲ್ಲಿ ವಾಸಿಸುವ ಕೊರಿಯನ್ ಮೂಲದವರು ಎಂಟು ಲಕ್ಷಕ್ಕೂ ಹೆಚ್ಚು. ಅವರಲ್ಲಿ ಆರು ಲಕ್ಷಕ್ಕೂ ಮಿಕ್ಕಿದವರು ಚೀನಾದ ಈಶಾನ್ಯ ಪ್ರಾಂತ್ಯಗಳಿಂದ ಬಂದ ಜೊಸೊನ್‌ಜೊಕ್ ಜನ. ಹಿಂದಿನ ಸೋವಿಯತ್ ನಾಡುಗಳಿಂದ ಬಂದವರು ಸುಮಾರು ಒಂದು ಲಕ್ಷ. ಉಳಿದವರಲ್ಲಿ ಅಮೆರಿಕದ ಕೊರಿಯನ್ನರು, ಶಿಶುಗಳಾಗಿದ್ದಾಗ ದತ್ತು ಹೋಗಿ ದೊಡ್ಡವರಾದ ಮೇಲೆ ಬೇರು ಹುಡುಕುತ್ತ ಬಂದವರು, ಇನ್ನೂ ಅನೇಕರು ಸೇರುತ್ತಾರೆ. ರಕ್ತ ಒಂದೇ ಎಂದಾದರೂ ಕಾನೂನು ಇವರನ್ನು ಒಂದೇ ಕಣ್ಣಿನಿಂದ ನೋಡಲಿಲ್ಲ. ಸಾಗರೋತ್ತರ ಕೊರಿಯನ್ನರ ಸ್ಥಾನಮಾನದ ಕಾಯಿದೆ 1999ರಲ್ಲಿ ಬಂದಾಗ, 1948ರಲ್ಲಿ ಗಣರಾಜ್ಯದ ಸರ್ಕಾರ ಸ್ಥಾಪನೆಯಾಗುವ ಮೊದಲೇ ನಾಡು ತೊರೆದವರು ಅದರ ವ್ಯಾಪ್ತಿಗೆ ಬರಲಿಲ್ಲ. ಅಂದರೆ ಅಮೆರಿಕಕ್ಕೆ ಹೋಗಿ ಸಿರಿವಂತರಾದವರಿಗೆ ಬಾಗಿಲು ತೆರೆಯಿತು. ಬರ ಮತ್ತು ವಸಾಹತು ಆಳ್ವಿಕೆಯ ಕಾಲದಲ್ಲಿ ಚೀನಾಕ್ಕೂ ರಷ್ಯಾಕ್ಕೂ ಹೋದವರ ಮೊಮ್ಮಕ್ಕಳಿಗೆ ಅದು ಮುಚ್ಚಿಯೇ ಉಳಿಯಿತು. 2001ರ ನವೆಂಬರಿನಲ್ಲಿ ಸಂವಿಧಾನ ನ್ಯಾಯಾಲಯ ಇದು ಸಮಾನತೆಗೆ ವಿರುದ್ಧವೆಂದು ಹೇಳಿತು, 2004ರಲ್ಲಿ ಕಾಯಿದೆ ತಿದ್ದುಪಡಿಯಾಯಿತು. ಆದರೂ ಚೀನಾ ಮತ್ತು ಸೋವಿಯತ್ ಮೂಲದವರಿಗೆ 2007ರಲ್ಲಿ ಎಚ್-2 ಎಂಬ ಬೇರೆಯೇ ವೀಸಾ ತಂದರು. ಆ ಕಾಯಿದೆಯಡಿ ಸಿಗುವ ಎಫ್-4 ವೀಸಾ ನವೀಕರಿಸುತ್ತ ಹೋಗಬಹುದಾದ ವಾಸದ ಹಕ್ಕು, ಆದರೆ ಅದರಲ್ಲಿ ಸರಳ ದೈಹಿಕ ಕೂಲಿಗೆ ನಿರ್ಬಂಧವಿತ್ತು. ಎಚ್-2ರಲ್ಲಿ ಗೊತ್ತುಪಡಿಸಿದ ಕ್ಷೇತ್ರಗಳಲ್ಲಿ ಕೂಲಿಗೆ ಅವಕಾಶವಿತ್ತು, ಆದರೆ ವಾಸಕ್ಕೆ ಅವಧಿಯ ಮಿತಿಯಿತ್ತು. ಈ ಗೋಡೆ ಇತ್ತೀಚಿನ ವರ್ಷಗಳಲ್ಲಿ ತೆಳುವಾಗುತ್ತ ಬಂದಿದೆಯಾದರೂ, ಇಂದಿನ ಬೀದಿಗಳು ರೂಪುಗೊಂಡದ್ದು ಅದರ ನೆರಳಿನಲ್ಲಿಯೇ. ಐದು ವರ್ಷದೊಳಗೆ ಹೊರಡಬೇಕಾದವನು ಮುಂಗಡ ಹಣ ದೊಡ್ಡದಿರುವ ಮನೆ ಹಿಡಿಯುವುದಿಲ್ಲ, ಭಾಷೆ ಕಲಿಯಲು ಸಂಜೆಗಳನ್ನು ಕೊಡುವುದಿಲ್ಲ. ಅಗ್ಗದ ಕೋಣೆ ಹಿಡಿದು, ಹೆಚ್ಚುವರಿ ಪಾಳಿ ದುಡಿದು, ಹಣ ಕಳುಹಿಸುತ್ತಾನೆ.

"ಭಾಷೆ ಬಂದರೆ ಎಲ್ಲವೂ ಸರಿಹೋಗುತ್ತದೆ" ಎಂಬುದು ನಾನು ಪದೇ ಪದೇ ಕೇಳುವ ಇನ್ನೊಂದು ನಂಬಿಕೆ. ಜೊಸೊನ್‌ಜೊಕ್ ಜನರ ಅನುಭವ ಅದನ್ನು ಸುಳ್ಳಾಗಿಸುತ್ತದೆ. 1952ರಿಂದ ಸ್ವಾಯತ್ತ ಆಡಳಿತವಿರುವ, ಚೀನಾದ ಯನ್‌ಬಿಯನ್‌ನಲ್ಲಿ ಕೊರಿಯನ್ ಮಾಧ್ಯಮದಲ್ಲಿಯೇ ಓದಿದ ತಲೆಮಾರು ಅವರದು. 1992ರಲ್ಲಿ ಚೀನಾದೊಂದಿಗೆ ರಾಜತಾಂತ್ರಿಕ ಸಂಬಂಧ ಏರ್ಪಟ್ಟ ಮೇಲೆ ಅವರು ರಾಜಧಾನಿ ಸೋಲ್‌ಗೆ ಬಂದರು; ಕೆಲವರು ಹಳ್ಳಿಗಾಡಿನ ಅವಿವಾಹಿತ ರೈತರನ್ನು ಮದುವೆಯಾಗಿ, ಹಲವರು ದಲ್ಲಾಳಿಗಳಿಗೆ ಸಾಲ ಮಾಡಿ ಹಣ ಕೊಟ್ಟು. ಆ ವೇಳೆಗೆ ಅಲ್ಲಿಯ ಗುರೊ ಕೈಗಾರಿಕಾ ವಲಯದ ಬಟ್ಟೆ ಕಾರ್ಖಾನೆಗಳು ನಗರ ಬಿಟ್ಟು ಹೋಗುತ್ತಿದ್ದವು. ಹಳ್ಳಿಯಿಂದ ಬಂದ ಕೊರಿಯನ್ ಹುಡುಗಿಯರು ಹಿಂದೆ ವಾಸಿಸುತ್ತಿದ್ದ, ಶೌಚಾಲಯ ಹಂಚಿಕೊಳ್ಳಬೇಕಾದ ಚಿಕ್ಕ ಚಿಕ್ಕ ಕೋಣೆಗಳು ಗರಿಬೊಂಗ್-ದೊಂಗ್‌ನಲ್ಲಿ (ದೊಂಗ್ ಎಂದರೆ ನಗರದ ಬಡಾವಣೆ) ಖಾಲಿ ಬಿದ್ದಿದ್ದವು. ಹೊಸಬರು ಅವನ್ನು ತುಂಬಿದರು. ಸ್ವಲ್ಪ ಹಣ ಕೈಗೂಡಿದ ಮೇಲೆ ಪಕ್ಕದ ದೆರಿಮ್-ದೊಂಗ್‌ಗೆ ಸರಿದರು. ಎರಡು ಮೆಟ್ರೊ ಮಾರ್ಗಗಳು ಕೂಡುವ ಜಾಗವಾದ್ದರಿಂದ ಕಟ್ಟಡ ಕೆಲಸಕ್ಕೂ, ಹೋಟೆಲ್ ಅಡುಗೆಮನೆಗೂ, ಆಸ್ಪತ್ರೆಯ ರೋಗಿ ಆರೈಕೆಗೂ ಅಲ್ಲಿಂದ ನಸುಕಿನಲ್ಲೇ ಹೊರಡಬಹುದು. ಇಂದು ದೆರಿಮ್‌ನ ಮಾರುಕಟ್ಟೆಯಲ್ಲಿ ಅಂಗಡಿ, ಹಣ ರವಾನೆ ಕಚೇರಿ, ವೀಸಾ ಅರ್ಜಿ ಬರೆದುಕೊಡುವವರು, ಕುರಿಮಾಂಸ ಸುಡುವ ಹೋಟೆಲುಗಳು, ಎಲ್ಲವೂ ಅವರವೇ. ಕೊರಿಯನ್ ಪೌರತ್ವ ಪಡೆದು ಮತ ಹಾಕುವವರೂ ಸಾಕಷ್ಟಿದ್ದಾರೆ. ಕಾಯಂ ವಾಸದ ಹಕ್ಕು ಪಡೆದು ಮೂರು ವರ್ಷ ಕಳೆದ ವಿದೇಶಿಯರಿಗೂ ಸ್ಥಳೀಯ ಚುನಾವಣೆಯಲ್ಲಿ 2006ರಿಂದ ಮತದಾನದ ಹಕ್ಕಿದೆ. ಏಷ್ಯಾದಲ್ಲಿ ಇದು ಅಪರೂಪ. ಇಷ್ಟಾದರೂ ಯನ್‌ಬಿಯನ್ ಉಚ್ಚಾರಣೆ ಕಿವಿಗೆ ಬಿದ್ದೊಡನೆ ಬಾಡಿಗೆ ಮನೆ "ಈಗಷ್ಟೇ ಹೋಯಿತು" ಎನ್ನುವ ಮಾಲೀಕರು ಇದ್ದಾರೆ. ಭಾಷೆ ಕೆಲಸ ಕೊಡಿಸುತ್ತದೆ, ಮೋಸದಿಂದ ತಪ್ಪಿಸುತ್ತದೆ. ಗೌರವವನ್ನು ಅದೊಂದೇ ತಂದುಕೊಡುವುದಿಲ್ಲ.

ಸರ್ಕಾರವೇ ಕಟ್ಟಿಸಿದ ಊರೂ ಒಂದಿದೆ. ಜಪಾನಿ ಆಳ್ವಿಕೆಯಲ್ಲಿ, ಈಗ ರಷ್ಯಾದಲ್ಲಿರುವ ಸಖಾಲಿನ್ ದ್ವೀಪದ ಗಣಿಗಳಿಗೆ ಒಯ್ಯಲ್ಪಟ್ಟು, ಯುದ್ಧ ಮುಗಿದ ಮೇಲೆ ಮರಳಲಾಗದೆ ಉಳಿದವರಿಗಾಗಿ 2000ದಲ್ಲಿ ಅನ್ಸಾನ್‌ನಲ್ಲಿ 489 ಮನೆಗಳ ವಸತಿ ಸಮುಚ್ಚಯ ತೆರೆಯಿತು. ಅವರ ಬೇರು ನಿಜವಾಗಿಯೂ ದಕ್ಷಿಣದ್ದು. ಆದರೆ 1945ರ ಆಗಸ್ಟ್ 15ರೊಳಗೆ ಹುಟ್ಟಿದವರಿಗೆ ಮಾತ್ರ ಪ್ರವೇಶವಿದ್ದುದರಿಂದ ವೃದ್ಧರು ಮಕ್ಕಳನ್ನು ಸಖಾಲಿನ್‌ನಲ್ಲಿ ಬಿಟ್ಟು ಬಂದು ಎರಡನೆಯ ಸಲ ಅಗಲಿಕೆ ಅನುಭವಿಸಿದರು. 2020ರಲ್ಲಿ ವಿಶೇಷ ಕಾಯಿದೆ ಬರುವವರೆಗೂ ಈ ನಿಯಮ ಸಡಿಲವಾಗಲಿಲ್ಲ. ಆ ಯೋಜನೆ ನಿಮ್ಮ ಅತ್ತೆಯವರಿಗೆ ಅನ್ವಯಿಸುವುದಿಲ್ಲ. ತಾಷ್ಕೆಂಟಿನಲ್ಲಿ ಯಾರಾದರೂ "ಅನ್ಸಾನ್‌ನಲ್ಲಿ ಹಿರಿಯರಿಗೆ ಸರ್ಕಾರಿ ಮನೆ ಕೊಡಿಸುತ್ತೇನೆ" ಎಂದು ಹಣ ಕೇಳಿದರೆ ಕೊಡಬೇಡಿ.

ಇನ್ನು ನಿಮ್ಮ ಹೆಂಡತಿಯ ಅಣ್ಣ ಹೇಳುವ ಬೀದಿಯ ವಿಷಯ. ಅದು ಬಹುತೇಕ ಅನ್ಸಾನ್‌ನ ಸೊನ್‌ಬು-ದೊಂಗ್‌ನಲ್ಲಿರುವ ತೆತ್‌ಗೊಲ್ ಇರಬೇಕು. ಪಕ್ಕದಲ್ಲಿ ಬನ್ವೊಲ್ ಮತ್ತು ಸಿಹ್ವಾ ಕೈಗಾರಿಕಾ ವಲಯಗಳಿವೆ. ಸಾವಿರಾರು ಸಣ್ಣ ಕಾರ್ಖಾನೆಗಳು, ಯಾವಾಗಲೂ ಆಳಿನ ಕೊರತೆ. ಇಂಚಿಯಾನ್‌ನ ಹಮ್‌ಬಾಕ್ ನಮ್‌ದೊಂಗ್ ವಲಯವನ್ನೂ, ಗ್ವಾಂಗ್‌ಜುವಿನ ವೊಲ್‌ಗೊಕ್-ದೊಂಗ್ ಹನಾಮ್ ವಲಯವನ್ನೂ ನಂಬಿ ಬೆಳೆದಂತೆಯೇ ಇದೂ ಬೆಳೆದದ್ದು. ಇಂಥ ಬೀದಿ ರೂಪುಗೊಳ್ಳುವ ಬಗೆಯಲ್ಲಿ ನಿಗೂಢವೇನಿಲ್ಲ. ಭಾಷೆ ಬಾರದ ಮೊದಲ ಕುಟುಂಬ ಮಾಸಿಕ ಬಾಡಿಗೆಯ ಒಂದೇ ಕೋಣೆಯ ಮನೆ ಹಿಡಿಯುತ್ತದೆ. ಕೊರಿಯಾದಲ್ಲಿ ಮುಂಗಡ ಹಣ ದೊಡ್ಡ ಮೊತ್ತವಾದ್ದರಿಂದ ಕಡಿಮೆ ಮುಂಗಡಕ್ಕೆ ಒಪ್ಪುವ ಮಾಲೀಕರ ಹೆಸರು ಬಾಯಿಂದ ಬಾಯಿಗೆ ಹರಡುತ್ತದೆ. ಕಾರ್ಖಾನೆಗೆ ಆಳು ಒದಗಿಸುವ ಕಚೇರಿಯ ವ್ಯಾನ್ ಯಾವ ಮೂಲೆಯಲ್ಲಿ ಬೆಳಗ್ಗೆ ನಿಲ್ಲುತ್ತದೆಯೋ ಆ ಮೂಲೆಯ ಸುತ್ತ ಮುಂದಿನ ಕುಟುಂಬಗಳು ಮನೆ ಹುಡುಕುತ್ತವೆ. ಮೂರನೆಯ ವರ್ಷದ ಹೊತ್ತಿಗೆ ಯಾರೋ ತಂದೂರಿನಲ್ಲಿ ಸುಟ್ಟ ಲೆಪ್ಯೋಶ್ಕಾ ರೊಟ್ಟಿ ಮಾರತೊಡಗುತ್ತಾರೆ. ಗಜ್ಜರಿಯ ಉಪ್ಪಿನಕಾಯಿಯಂಥ ಮೊರ್ಕೊವ್ಚಾ ಅಂಗಡಿಗೆ ಬರುತ್ತದೆ (ಕೊರಿಯನ್ನರಿಗೆ ಅದು ಪರದೇಶದ ತಿನಿಸು, ನಿಮ್ಮ ಅತ್ತೆಗೆ ಅದೇ ಕೊರಿಯನ್ ತಿನಿಸು). ರಷ್ಯನ್ ಬಲ್ಲ ಔಷಧ ಅಂಗಡಿಯ ಹುಡುಗಿಗೆ ಬೇಡಿಕೆ ಬರುತ್ತದೆ. ದುಡಿಯುವ ತಾಯಂದಿರ ಮಕ್ಕಳನ್ನು ಸಂಜೆಯವರೆಗೆ ನೋಡಿಕೊಳ್ಳಲು ಬಾಬುಷ್ಕಾ (ಅಜ್ಜಿ) ಒಬ್ಬರು ಮನೆಯಲ್ಲಿಯೇ ಜಾಗ ಮಾಡುತ್ತಾರೆ. ತೆತ್‌ಗೊಲ್‌ನಲ್ಲಿ 'ನೊಮೊ' ಎಂಬ ಸಂಸ್ಥೆ 2011ರಲ್ಲಿ ರಾತ್ರಿ ಪಾಳಿಯವರಿಗೆ ಭಾಷಾ ತರಗತಿಯಾಗಿ ಆರಂಭವಾಯಿತು. ಈಗ ಅನುವಾದ, ಕೂಲಿ ವಸೂಲಿ, ಮಕ್ಕಳ ಆರೈಕೆ ಎಲ್ಲವನ್ನೂ ನೋಡುತ್ತದೆ. ಗ್ವಾಂಗ್‌ಜುವಿನದು ಇನ್ನೂ ಬಲವಾದ ಉದಾಹರಣೆ. ಅಲ್ಲಿ ಉಜ್ಬೇಕಿಸ್ತಾನದಿಂದ ಕೂಲಿಗೆಂದು ಬಂದ ಶಿನ್ ಜೊಯಾ ಮತ್ತು ಪಾದ್ರಿ ಲೀ ಚುನ್-ಯಂಗ್ ಅವರ ಸುತ್ತ ಸಮುದಾಯ ಗಟ್ಟಿಗೊಂಡಿತು. ಗೊರ್ಯೊಇನ್ ನಿವಾಸಿಗಳಿಗೆ ನೆರವಾಗುವ ಸ್ಥಳೀಯ ಶಾಸನವನ್ನು ದೇಶದಲ್ಲೇ ಮೊದಲಿಗೆ 2013ರಲ್ಲಿ ತಂದ ನಗರ ಅದು. ಮಕ್ಕಳ ಕೇಂದ್ರ, ಚಿಕ್ಕದೊಂದು ವಸ್ತುಸಂಗ್ರಹಾಲಯ, ಎಫ್‌ಎಂ ರೇಡಿಯೊ ಎಲ್ಲವೂ ಅಲ್ಲಿವೆ. 2022ರಲ್ಲಿ ಯುದ್ಧದಿಂದ ಓಡಿಬಂದ ಉಕ್ರೇನ್‌ನ ಕೊರ್ಯೊ-ಸರಾಮ್ ಕುಟುಂಬಗಳಿಗೆ ಚಂದಾ ಎತ್ತಿ ವಿಮಾನದ ಟಿಕೆಟ್ ಕೊಡಿಸಿದ್ದು ಆ ಬೀದಿಯ ಜನ. ಇದನ್ನೆಲ್ಲ ತಿರಸ್ಕೃತರ ಕೇರಿ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಹಾಗೆಂದು ತಿರಸ್ಕಾರವನ್ನು ಕಡೆಗಣಿಸುವಂತಿಲ್ಲ. 2021ರಲ್ಲಿ ಸ್ವಾತಂತ್ರ್ಯ ಹೋರಾಟಗಾರ ಹೊಂಗ್ ಬೊಮ್-ದೊ ಅವರ ಅಸ್ಥಿಯನ್ನು ಕಜಕಿಸ್ತಾನದ ಕಿಜಿಲೊರ್ದಾದಿಂದ ಸೇನಾ ವಿಮಾನದಲ್ಲಿ ಸಕಲ ಗೌರವದೊಂದಿಗೆ ತಂದರು. ಅದೇ ಊರಿನ ಜೀವಂತ ಕೊರ್ಯೊ-ಸರಾಮ್ ಮಾತ್ರ ವೀಸಾ ಕಚೇರಿಯ ಸಾಲಿನಲ್ಲಿ ನಿಲ್ಲಬೇಕು. ಅಪರಾಧದ ಮಾತಿಗೆ ಬಂದರೆ, ಜನಸಂಖ್ಯೆಗೆ ಹೋಲಿಸಿ ನೋಡಿದಾಗ ಕೊರಿಯಾದಲ್ಲಿ ವಿದೇಶಿಯರ ಒಟ್ಟಾರೆ ಅಪರಾಧ ಪ್ರಮಾಣ ಕೊರಿಯನ್ ಪೌರರದಕ್ಕಿಂತ ಕಡಿಮೆ. ದೆರಿಮ್‌ನ ಕುಖ್ಯಾತಿಯಲ್ಲಿ ಸಿನಿಮಾಗಳ ಪಾಲು ದೊಡ್ಡದು. 2017ರ ಚಿತ್ರವೊಂದು ಆ ಪ್ರದೇಶವನ್ನು ಪೊಲೀಸರೂ ಕಾಲಿಡದ ಜಾಗವೆಂಬಂತೆ ತೋರಿಸಿದಾಗ ಜೊಸೊನ್‌ಜೊಕ್ ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. 2020ರಲ್ಲಿ ಮೇಲ್ಮನವಿ ನ್ಯಾಯಾಲಯ ನಿರ್ಮಾಪಕರು ಕ್ಷಮೆ ಕೇಳುವಂತೆ ರಾಜಿ ಸಲಹೆ ನೀಡಿತು. ನಾನು ಕಂಡಂತೆ ನೆರೆಹೊರೆಯ ಜಗಳಗಳು ಚಾಕುವಿನಿಂದ ಶುರುವಾಗುವುದಿಲ್ಲ, ಕಸದಿಂದ ಶುರುವಾಗುತ್ತವೆ. ಕೊರಿಯಾದಲ್ಲಿ 1995ರಿಂದ ಕಸವನ್ನು ಹಣ ಕೊಟ್ಟು ಕೊಂಡ ಗೊತ್ತಾದ ಚೀಲದಲ್ಲಿಯೇ ಹಾಕಬೇಕು, ಹಸಿ ಕಸ ಬೇರೆ, ಮರುಬಳಕೆಯದು ಬೇರೆ. ಇದನ್ನು ಯಾರೂ ಹೇಳಿಕೊಡದ ಹೊಸ ಬಾಡಿಗೆದಾರ ಕಪ್ಪು ಚೀಲವನ್ನು ಕಂಬದ ಬುಡದಲ್ಲಿಟ್ಟು ಹೋದರೆ ಇಡೀ ಸಮುದಾಯಕ್ಕೆ ಕೆಟ್ಟ ಹೆಸರು. ರಾತ್ರಿಯ ಗದ್ದಲ, ವಾಹನ ನಿಲುಗಡೆ ಆಮೇಲಿನವು. ತಲೆಮಾರುಗಳಿಂದ ಅಲ್ಲಿದ್ದ ಕೊರಿಯನ್ ಅಂಗಡಿಯವರಿಗೆ ಗಿರಾಕಿ ತಪ್ಪಿದ ಸಂಕಟವೂ ನಿಜವಾದದ್ದೇ. ಅದನ್ನು ಬರಿಯ ಜನಾಂಗದ್ವೇಷವೆಂದು ತಳ್ಳಿಹಾಕುವುದು ಸರಿಯಲ್ಲ.

ಬೀದಿಗಿಂತ ಹೆಚ್ಚು ಅಪಾಯ ಕಾರ್ಖಾನೆಯೊಳಗಿದೆ. ನಿಮ್ಮ ಪತ್ರದಲ್ಲಿ ಇದರ ಪ್ರಸ್ತಾಪವೇ ಇಲ್ಲ, ಆದರೆ ನಾನು ಇದನ್ನೇ ಮೊದಲ ಆತಂಕವಾಗಿ ಇಟ್ಟುಕೊಳ್ಳುತ್ತಿದ್ದೆ. 2024ರ ಜೂನ್ 24ರಂದು ಹ್ವಾಸೊಂಗ್‌ನ ಲಿಥಿಯಂ ಬ್ಯಾಟರಿ ಕಾರ್ಖಾನೆಯಲ್ಲಿ ಬೆಂಕಿ ಬಿದ್ದು 23 ಜನ ಸತ್ತರು. ಅವರಲ್ಲಿ 18 ಮಂದಿ ವಿದೇಶಿ ಪೌರರು, ಬಹುಪಾಲು ಚೀನಾದಿಂದ ಬಂದ ಕೊರಿಯನ್ ಮೂಲದವರು. ಅವರಲ್ಲಿ ಹೆಚ್ಚಿನವರು ಆಳು ಒದಗಿಸುವ ಸಂಸ್ಥೆಯ ಮೂಲಕ ಬಂದವರಾಗಿದ್ದು, ತುರ್ತು ನಿರ್ಗಮನದ ದಾರಿಯ ತರಬೇತಿ ಅವರಿಗೆ ಸರಿಯಾಗಿ ಸಿಕ್ಕಿರಲಿಲ್ಲ. ಕೊರಿಯನ್ ಓದಲಾರದವರು ಎಚ್ಚರಿಕೆಯ ಫಲಕವನ್ನೂ ಓದಲಾರರು. ಕೆಲಸದ ಗಾಯಕ್ಕೆ ವಿಮೆ ವೀಸಾದ ಬಗೆಯನ್ನು ನೋಡದೆ ಎಲ್ಲ ಕಾರ್ಮಿಕರಿಗೂ ಅನ್ವಯಿಸುತ್ತದೆ. ಒಂದು ವರ್ಷ ತುಂಬಿದರೆ ನಿವೃತ್ತಿ ಹಣ ಕೊಡಬೇಕೆಂಬ ಕಾನೂನೂ ಇದೆ. ಆ ವರ್ಷ ತುಂಬುವ ಕೆಲವು ವಾರ ಮೊದಲು ಕಾರ್ಖಾನೆ ಬದಲಿಸಿ ಕಳುಹಿಸುವ ಆಳು-ಕಚೇರಿಗಳನ್ನು ನಾನು ಕಂಡಿದ್ದೇನೆ. ನಿಮ್ಮ ಹೆಂಡತಿಯ ಪದವಿ ಎಫ್-4 ಪಡೆಯಲು ನೆರವಾದೀತು, ಆದರೆ ಕೊರಿಯನ್ ಭಾಷೆ ಮತ್ತು ಅಲ್ಲಿಯ ತೆರಿಗೆ ಪದ್ಧತಿ ತಿಳಿಯದೆ ಲೆಕ್ಕಪತ್ರದ ಕೆಲಸ ಸಿಗುವುದಿಲ್ಲ. ಮೊದಲ ಎರಡು ಮೂರು ವರ್ಷ ಕಾರ್ಖಾನೆಯ ಸಾಲಿನಲ್ಲಿ ನಿಲ್ಲಲು ಅವರು ಮನಸಾರೆ ಸಿದ್ಧರಿದ್ದಾರೆಯೇ ಎಂದು, ಅವರ ಅಣ್ಣನ ಎದುರಿನಲ್ಲಿ ಅಲ್ಲ, ಅವರೊಬ್ಬರನ್ನೇ ಕೇಳಿ.

ಮಗಳ ವಿಷಯದಲ್ಲಿ ನಿಮ್ಮ ಚಿಂತೆಗೆ ಸರಿಯಾದ ಆಧಾರವಿದೆ. ಪ್ರಾಥಮಿಕ ಮತ್ತು ಮಾಧ್ಯಮಿಕ ಸರ್ಕಾರಿ ಶಾಲೆಗಳು ವಿದೇಶಿ ಮಕ್ಕಳನ್ನೂ ಸೇರಿಸಿಕೊಳ್ಳುತ್ತವೆ, ಅದರಲ್ಲಿ ತೊಂದರೆಯಿಲ್ಲ. ನಾಲ್ಕನೆಯ ತಲೆಮಾರಿಗೂ ಈಗ ಸಾಗರೋತ್ತರ ಕೊರಿಯನ್ನರ ಸ್ಥಾನ ಸಿಗುತ್ತದೆ. 2019ರಲ್ಲಿ ಆ ಮಿತಿ ತೆಗೆದರು, 2022ರಿಂದ ಶಾಲೆಗೆ ಹೋಗುವ ಮಕ್ಕಳಿಗೆ ಎಫ್-4 ಕೊಡುವ ವ್ಯವಸ್ಥೆಯೂ ಬಂದಿತು. ತೊಡಕಿರುವುದು ಬೇರೆಡೆ. ಇಂಥ ಬೀದಿಗಳ ಶಾಲೆಗಳಲ್ಲಿ ವಲಸೆ ಕುಟುಂಬದ ಮಕ್ಕಳೇ ಹೆಚ್ಚಾಗಿ, ಕೊರಿಯನ್ ಪೋಷಕರು ಸದ್ದಿಲ್ಲದೆ ತಮ್ಮ ಮಕ್ಕಳನ್ನು ಬೇರೆ ಶಾಲೆಗೆ ಸೇರಿಸುತ್ತಾರೆ. ಆಗ ಆಟದ ಬಯಲಿನ ಭಾಷೆ ರಷ್ಯನ್ ಆಗಿಬಿಡುತ್ತದೆ. ಮಗು ಮೊದಲ ತಿಂಗಳು ಸುಖವಾಗಿರುತ್ತದೆ, ಮೂರನೆಯ ವರ್ಷದಲ್ಲಿ ಪಠ್ಯ ಅರ್ಥವಾಗದೆ ಹಿಂದೆ ಬೀಳುತ್ತದೆ. ಒಂಬತ್ತು ವರ್ಷ ಅಂಥ ತಡವಾದ ವಯಸ್ಸೇನಲ್ಲ, ಆದರೆ ಹದಿಮೂರಕ್ಕೆ ಬಂದ ಮಕ್ಕಳು ಹೈಸ್ಕೂಲು ಮುಗಿಸದೆ ತಂದೆಯ ಕಾರ್ಖಾನೆಗೇ ಸೇರಿದ್ದನ್ನು ನೋಡಿದ್ದೇನೆ. ಕನ್ನಡದ ಬಗ್ಗೆ ಒಂದು ಮಾತು: ಅದನ್ನು ಬಿಡಿಸಬೇಡಿ. ಕೊರಿಯನ್ ಕಲಿಕೆಗೆ ಅಡ್ಡಿಯಾಗುವುದು ಶಾಲೆಯಲ್ಲಿ ಕೊರಿಯನ್ ಕಿವಿಗೆ ಬೀಳದಿರುವುದೇ ಹೊರತು, ತಂದೆಯೊಂದಿಗೆ ಆಡುವ ಕನ್ನಡವಲ್ಲ.

ಅತ್ತೆಯವರ ವಯಸ್ಸು ಅರವತ್ತು ದಾಟಿರುವುದರಿಂದ ಅವರಿಗೆ ಎಫ್-4 ಸುಲಭ. ಆದರೆ 2019ರ ಜುಲೈಯಿಂದ ಆರು ತಿಂಗಳು ಮೀರಿ ಉಳಿಯುವ ವಿದೇಶಿಯರಿಗೆ ಆರೋಗ್ಯ ವಿಮೆ ಕಡ್ಡಾಯ. ಗಂಡ, ಹೆಂಡತಿ, ಅಪ್ರಾಪ್ತ ಮಕ್ಕಳ ಹೊರತು ಉಳಿದವರ ಕಂತು ಪ್ರತ್ಯೇಕ, ಅದು ತಿಂಗಳಿಗೆ ಸುಮಾರು ಒಂದೂವರೆ ಲಕ್ಷ ವೊನ್ ಆಸುಪಾಸಿನಲ್ಲಿರುತ್ತದೆ. ನಿಮ್ಮ ಹೆಂಡತಿಗೆ ನೇರ ನೇಮಕದ ಕೆಲಸ ಸಿಕ್ಕರೆ, ಅತ್ತೆಯವರು ಆರು ತಿಂಗಳು ಅಲ್ಲಿ ವಾಸಿಸಿದ ನಂತರ ಅವಲಂಬಿತರಾಗಿ ಅದೇ ವಿಮೆಗೆ ಸೇರಬಹುದು. ಆಳು-ಕಚೇರಿಯ ಕೂಲಿಗೂ ನೇರ ನೇಮಕಕ್ಕೂ ಇರುವ ವ್ಯತ್ಯಾಸ ಕುಟುಂಬದ ಮಟ್ಟದಲ್ಲಿ ಹೀಗೆ ಲೆಕ್ಕಕ್ಕೆ ಬರುತ್ತದೆ.

ನಿಮ್ಮದೇ ಸ್ಥಿತಿಯನ್ನು ನೀವು ಬರೆದೇ ಇಲ್ಲ. ಎಫ್-4 ಹೊಂದಿದವರ ಸಂಗಾತಿಗೆ ಸಾಮಾನ್ಯವಾಗಿ ಸಿಗುವುದು ಎಫ್-1, ಅದರಲ್ಲಿ ದುಡಿಯಲು ಅನುಮತಿ ಇಲ್ಲ. ಅಂದರೆ ಇಂದು ಮನೆಯ ಮುಖ್ಯ ಸಂಪಾದನೆ ನಿಮ್ಮದಾಗಿದ್ದರೆ ಅದು ನಿಂತುಹೋಗುತ್ತದೆ. ಅನುಮತಿಯಿಲ್ಲದೆ ದುಡಿದು ಸಿಕ್ಕಿಬಿದ್ದರೆ ದಂಡದ ಜೊತೆಗೆ ಗಡೀಪಾರೂ ಆಗಬಹುದು, ಆಗ ಹೆಂಡತಿಯ ವೀಸಾ ಚೆನ್ನಾಗಿದ್ದು ಉಪಯೋಗವಿಲ್ಲ. ಕೊರಿಯಾದ ಔಷಧ ಕಂಪನಿಯೊಂದು ರಷ್ಯನ್ ಬಲ್ಲ ಮಾರಾಟಗಾರನೆಂದು ನಿಮ್ಮನ್ನೇ ನೇಮಿಸಿಕೊಂಡರೆ ವೃತ್ತಿಪರರ ಇ-7 ವೀಸಾ ಸಾಧ್ಯ. ಮಧ್ಯ ಏಷ್ಯಾದ ಮಾರುಕಟ್ಟೆ ಬಲ್ಲವರು ಅಲ್ಲಿ ವಿರಳವಾದ್ದರಿಂದ ಪ್ರಯತ್ನಿಸಲು ಯೋಗ್ಯವಾದ ದಾರಿ ಅದು.

ನಿಮ್ಮ ಮುಂದಿರುವ ಆಯ್ಕೆಗಳಲ್ಲಿ, ಅಣ್ಣ ಹೇಳಿದಂತೆ ಎಲ್ಲರೂ ಒಟ್ಟಿಗೆ ಈಗಲೇ ತೆತ್‌ಗೊಲ್‌ಗೆ ಹೋಗುವುದು ಅತ್ಯಂತ ಸುಲಭವಾದದ್ದು, ಅತ್ಯಂತ ಅಪಾಯದ್ದೂ ಹೌದು. ನೀವು ದುಡಿಯುವಂತಿಲ್ಲ, ಮಗಳು ರಷ್ಯನ್‌ನಲ್ಲಿಯೇ ಉಳಿಯುತ್ತಾಳೆ, ನಾಲ್ಕು ಹೊಟ್ಟೆಗೆ ಒಂದು ಪಾಳಿಯ ಕೂಲಿ. ಹೆಂಡತಿ ಮಾತ್ರ ಮೊದಲು ಹೋಗುವುದು ಅನೇಕರು ಹಿಡಿಯುವ ದಾರಿ. ಖರ್ಚು ಕಡಿಮೆ, ಆದರೆ "ಆರು ತಿಂಗಳು" ಎಂದು ಹೊರಟದ್ದು ವರ್ಷಗಳಿಗೆ ಬೆಳೆಯುತ್ತದೆ. ಯನ್‌ಬಿಯನ್‌ನಲ್ಲಿ ಅಜ್ಜ ಅಜ್ಜಿಯರ ಬಳಿ ಬೆಳೆದ ಒಂದಿಡೀ ತಲೆಮಾರಿನ ಮಕ್ಕಳು ಇದರ ಬೆಲೆ ತೆತ್ತಿದ್ದಾರೆ. ಒಂದು ಶಾಲಾ ಅವಧಿಗಿಂತ ಹೆಚ್ಚು ಅಗಲಿಕೆಯನ್ನು ನಾನು ಒಪ್ಪಲಾರೆ. ಗ್ವಾಂಗ್‌ಜುವಿನಂಥ ನಗರದಲ್ಲಿ ಬಾಡಿಗೆ ಕಡಿಮೆ, ಸಮುದಾಯದ ಆಸರೆ ಗಟ್ಟಿ, ಆದರೆ ಕಾರ್ಖಾನೆಗಳ ಆಯ್ಕೆ ಅನ್ಸಾನ್‌ನಷ್ಟಿಲ್ಲ, ಅಣ್ಣನೂ ಹತ್ತಿರವಿರುವುದಿಲ್ಲ. ನನ್ನ ಸಲಹೆ ಕೇಳುವುದಾದರೆ, ಒಂದು ವರ್ಷ ತಾಷ್ಕೆಂಟಿನಲ್ಲಿಯೇ ಉಳಿದು ಸಿದ್ಧತೆ ಮಾಡಿಕೊಳ್ಳಿ. ಅಲ್ಲಿಯ ಕೊರಿಯನ್ ಶಿಕ್ಷಣ ಕೇಂದ್ರದಲ್ಲಿ ತಾಯಿ ಮಗಳು ಇಬ್ಬರೂ ತರಗತಿ ಸೇರಲಿ. ನೀವು ಆ ಅವಧಿಯಲ್ಲಿ ಕೊರಿಯನ್ ಕಂಪನಿಗಳಿಗೆ ಅರ್ಜಿ ಹಾಕಿ. ಕೊರಿಯಾದ ಶಾಲಾ ವರ್ಷ ಮಾರ್ಚ್‌ನಲ್ಲಿ ಆರಂಭವಾಗುವುದರಿಂದ ಜನವರಿ ಕೊನೆಗೆ ತಲುಪುವಂತೆ ಹೊರಡಿ. ಮನೆಯನ್ನು ಅಣ್ಣನ ಬೀದಿಯಲ್ಲಿಯೇ ಹಿಡಿಯದೆ, ಎರಡು ಮೂರು ಬಸ್ ನಿಲ್ದಾಣಗಳ ಆಚೆ, ಕೊರಿಯನ್ ಭಾಷೆಯ ವಿಶೇಷ ತರಗತಿಯಿದ್ದೂ ಕೊರಿಯನ್ ಮಕ್ಕಳೇ ಹೆಚ್ಚಿರುವ ಶಾಲೆಯ ಬಳಿ ಹುಡುಕಿ. ಅತ್ತೆಯವರು ಭಾನುವಾರ ತೆತ್‌ಗೊಲ್‌ಗೆ ಹೋಗಿ ಮಾತಾಡಿಕೊಂಡು ಬರಲಿ, ಕಾಗದಪತ್ರ ಅರ್ಥವಾಗದಾಗ ನೊಮೊದವರ ಬಾಗಿಲು ತಟ್ಟಲಿ. ಮಗಳ ಗೆಳತಿಯರು ಮಾತ್ರ ಬೇರೆ ಬೀದಿಯವರಾಗಿರಲಿ. ವಲಸಿಗರಿಗೆ ಕೊರಿಯನ್ ಭಾಷೆ ಮತ್ತು ಸಮಾಜದ ಪರಿಚಯ ಕಲಿಸುವ, ನ್ಯಾಯ ಸಚಿವಾಲಯದ ಸಾಮಾಜಿಕ ಸಮನ್ವಯ ಕಾರ್ಯಕ್ರಮಕ್ಕೆ ಹೆಂಡತಿ ಬಂದ ತಿಂಗಳೇ ಹೆಸರು ನೋಂದಾಯಿಸಬೇಕು, ಮುಂದೆ ಕಾಯಂ ವಾಸ ಕೋರುವಾಗ ಅದು ನೆರವಾಗುತ್ತದೆ. ಪೌರತ್ವಕ್ಕೆ ಆತುರ ಬೇಡ. ಉಜ್ಬೇಕಿಸ್ತಾನ ಇಬ್ಬಗೆಯ ಪೌರತ್ವ ಒಪ್ಪುವುದಿಲ್ಲ, ಒಮ್ಮೆ ಬಿಟ್ಟರೆ ಮರಳಿ ಹೋಗುವ ದಾರಿ ಕಠಿಣವಾಗುತ್ತದೆ.

ವೀಸಾ ನಿಯಮಗಳು ಪದೇ ಪದೇ ಬದಲಾಗುವುದರಿಂದ ಅರ್ಜಿ ಹಾಕುವ ವಾರದಲ್ಲಿ ವಲಸೆ ಇಲಾಖೆಯ 1345 ಸಹಾಯವಾಣಿಯನ್ನು, ಅಥವಾ ತಾಷ್ಕೆಂಟಿನ ಕೊರಿಯನ್ ರಾಯಭಾರ ಕಚೇರಿಯನ್ನು ನೇರವಾಗಿ ವಿಚಾರಿಸಿ. ದಲ್ಲಾಳಿಗಳ ಮಾತನ್ನು ನಂಬಬೇಡಿ. ಅದಕ್ಕೂ ಮೊದಲು ಒಂದು ಕೆಲಸ ಮಾಡಿ. ಅತ್ತೆಯವರ ಮತ್ತು ಅವರ ತಂದೆತಾಯಿಯರ ಸೋವಿಯತ್ ಕಾಲದ ಜನನ ಪತ್ರಗಳನ್ನು ಹೊರತೆಗೆದು, ಜನಾಂಗದ ಕಾಲಂನಲ್ಲಿ "ಕೊರಿಯನ್" ಎಂದು ಬರೆದಿದೆಯೇ ನೋಡಿ. ಮೂಲವನ್ನು ಸಾಬೀತುಪಡಿಸುವುದು ಆ ಕಾಲಂ. ರಷ್ಯನ್ ಲಿಪಿಯಲ್ಲಿ ಒಂದೇ ಮನೆತನದ ಹೆಸರು ತಲೆಮಾರಿಗೊಂದು ರೀತಿ ಬರೆಯಲ್ಪಟ್ಟಿರುವುದು ಸಾಮಾನ್ಯ. ಅಜ್ಜನ ಪತ್ರದಲ್ಲಿ ಒಂದು ಅಕ್ಷರ, ಮಗಳ ಪತ್ರದಲ್ಲಿ ಇನ್ನೊಂದು ಇದ್ದರೆ ಕಚೇರಿ ಅರ್ಜಿಯನ್ನು ವಾಪಸು ಕಳುಹಿಸುತ್ತದೆ. ಅದನ್ನು ದಾಖಲಾತಿ ಕಚೇರಿಯಲ್ಲಿ ಸರಿಪಡಿಸಿಕೊಳ್ಳಲು ತಿಂಗಳುಗಳೇ ಹಿಡಿಯಬಹುದಾದ್ದರಿಂದ, ನೀವು ತಾಷ್ಕೆಂಟಿನಲ್ಲಿರುವಾಗಲೇ, ಈ ವರ್ಷವೇ ಆ ಕೆಲಸವನ್ನು ಆರಂಭಿಸಿ.